ಹಳೆಯ ಐಪಾಡ್‌ನ ಬ್ಯಾಟರಿಯನ್ನು ನಾನೇ ಬದಲಿಸಬಹುದೇ?

ಪ್ರಶ್ನೆ: ನನ್ನಲ್ಲಿ ಐದನೇ ತಲೆಮಾರಿನ, 30 ಜಿಬಿಯ ಹಳೆಯ ಐಪಾಡ್ ಒಂದಿದೆ. ಪೂರ್ತಿ ಚಾರ್ಜ್ ಮಾಡಿದರೂ ಮುಕ್ಕಾಲು ಗಂಟೆಗಿಂತ ಹೆಚ್ಚು ಹಾಡುವುದಿಲ್ಲ. ಬ್ಯಾಟರಿಯ ಗುರುತು ಅರ್ಧ ತೋರಿಸುತ್ತಿರುವಾಗಲೇ, ಹಾಡು ಬದಲಾಗುವ ಹೊತ್ತಿಗೆ ಥಟ್ಟನೆ ಆರಿಹೋಗುತ್ತದೆ. ಬ್ಯಾಟರಿಯನ್ನು ನಾನೇ ಬದಲಿಸಬಹುದೇ? ಮೂಲ ಬ್ಯಾಟರಿಗಿಂತ ಹೆಚ್ಚು ಎಂಎಎಚ್ (ಚಾರ್ಜ್ ಹಿಡಿಸುವ ಸಾಮರ್ಥ್ಯ) ಇರುವುದನ್ನು ಹಾಕಿದರೆ ತೊಂದರೆಯಾದೀತೇ? ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸವಿದೆ, ಸಾಲ್ಡರಿಂಗ್ ಬರುವುದಿಲ್ಲ. ಇನ್ನೊಂದು ವಿಷಯ: ಈಚೆಗೆ ಮುಂಬದಿಯ ಪ್ಲಾಸ್ಟಿಕ್ಕಿಗೂ ಹಿಂಬದಿಯ ಉಕ್ಕಿನ ಮುಚ್ಚಳಕ್ಕೂ ನಡುವೆ, ಒಂದು ಪಕ್ಕದಲ್ಲಿ, ಸಣ್ಣ ಸಂದು ಕಾಣಿಸುತ್ತಿದೆ.

ಉತ್ತರ: ಖಂಡಿತ ಬದಲಿಸಬಹುದು, ಮತ್ತು ನಿಮ್ಮ ಮಾದರಿಗೆ ಸಾಲ್ಡರಿಂಗ್ ಬೇಕಾಗುವುದೂ ಇಲ್ಲ. ಆದರೆ ನೀವು ಕೊನೆಗೆ ‘ಇನ್ನೊಂದು ವಿಷಯ’ ಎಂದು ಸೇರಿಸಿರುವ ಆ ಸಂದಿನ ಮಾತೇ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಈ ಪ್ಲೇಯರಿನಲ್ಲಿರುವುದು ಲಿಥಿಯಂ ಪಾಲಿಮರ್ ಜಾತಿಯ ತೆಳುವಾದ ಬ್ಯಾಟರಿ. ಟಾರ್ಚಿನ ಸೆಲ್ಲಿನಂತೆ ಅದಕ್ಕೆ ಗಟ್ಟಿ ಲೋಹದ ಡಬ್ಬಿಯಿಲ್ಲ; ಪ್ಲಾಸ್ಟಿಕ್ ಪದರ ಅಂಟಿಸಿದ ಅಲ್ಯೂಮಿನಿಯಂ ಹಾಳೆಯ ಚೀಲವೊಂದರೊಳಗೆ ಎಲ್ಲವನ್ನೂ ಇರಿಸಿ ಅಂಚುಗಳನ್ನು ಬಿಸಿಯಿಂದ ಮುಚ್ಚಿರುತ್ತಾರೆ. ವಯಸ್ಸಾದಂತೆ ಒಳಗಿನ ಸಾವಯವ ದ್ರಾವಕ ಸ್ವಲ್ಪ ಸ್ವಲ್ಪವಾಗಿ ವಿಘಟನೆಗೊಂಡು ಅನಿಲವಾಗುತ್ತದೆ, ಹೊರಹೋಗಲು ದಾರಿಯಿಲ್ಲದ ಆ ಅನಿಲ ಚೀಲವನ್ನು ದಿಂಬಿನಂತೆ ಉಬ್ಬಿಸುತ್ತದೆ. ನಿಮ್ಮ ಐಪಾಡ್ ಎಂದೂ ಕೆಳಗೆ ಬಿದ್ದಿಲ್ಲವಾದರೆ, ಮುಚ್ಚಳದ ಕೊಕ್ಕೆಗಳನ್ನು ಒಳಗಿನಿಂದ ತಳ್ಳುತ್ತಿರುವುದು ಬಹುಮಟ್ಟಿಗೆ ಊದಿಕೊಂಡ ಬ್ಯಾಟರಿಯೇ. ಆದ್ದರಿಂದ ಇನ್ನು ಮುಂದೆ ಅದನ್ನು ಚಾರ್ಜ್ ಮಾಡಬೇಡಿ. ಈಗ ಉಳಿದಿರುವ ಚಾರ್ಜ್ ಮುಗಿದು ತಾನಾಗಿ ಆರುವವರೆಗೆ ಹಾಡಲು ಬಿಟ್ಟು, ಅನಂತರ ಬೇಗ ಬೆಂಕಿ ಹತ್ತುವ ವಸ್ತುಗಳಿಂದ ದೂರದಲ್ಲಿ ಇರಿಸಿ. ಸೆಲ್ಲಿನಲ್ಲಿ ಚಾರ್ಜ್ ಕಡಿಮೆಯಿದ್ದಷ್ಟೂ ಆಕಸ್ಮಿಕವಾಗಿ ಚುಚ್ಚಿದಾಗ ಹೊರಬೀಳುವ ಶಕ್ತಿಯೂ ಕಡಿಮೆ ಎಂಬುದು ಇದರ ಹಿಂದಿನ ಲೆಕ್ಕ. ಸಂದು ಮುಚ್ಚಲೆಂದು ಮುಚ್ಚಳವನ್ನು ಹಿಡಿದು ಅಮುಕುವ ಆಸೆ ಬರುತ್ತದೆ. ದಯವಿಟ್ಟು ಅಮುಕಬೇಡಿ.

ಇದೇ ಲಕ್ಷಣವಿದ್ದು ಮುಚ್ಚಳ ಮಾತ್ರ ಸರಿಯಾಗಿರುವ ಪ್ಲೇಯರ್ ಯಾರ ಬಳಿಯಾದರೂ ಇದ್ದರೆ, ಅವರು ಬ್ಯಾಟರಿ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳುವುದು ಒಳ್ಳೆಯದು. ಪ್ಲೇಯರನ್ನು ಚಾರ್ಜರಿಗೆ ಸಿಕ್ಕಿಸಿಟ್ಟು ಒಂದೆರಡು ಗಂಟೆ ಹಾಡಿಸಬೇಕು. ಆಗ ಯಾವ ತಕರಾರೂ ಇಲ್ಲದೆ ಹಾಡಿದರೆ ದೋಷ ಬ್ಯಾಟರಿಯದ್ದು. ಚಾರ್ಜರಿನಲ್ಲಿದ್ದಾಗಲೂ ಟಿಕ್ ಟಿಕ್ ಶಬ್ದ ಬಂದು, ಹಾಡು ನಡುವೆ ನಿಂತು, ಪರದೆ ಸ್ಥಬ್ಧವಾದರೆ ದೋಷ ಹಾರ್ಡ್ ಡಿಸ್ಕಿನದ್ದು. ಅದಕ್ಕೆ ಎಷ್ಟು ಹೊಸ ಬ್ಯಾಟರಿ ಹಾಕಿದರೂ ಪ್ರಯೋಜನವಿಲ್ಲ. ಚಾರ್ಜ್ ಏರುವುದೇ ಇಲ್ಲ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಕೇಬಲನ್ನು, ಎರಡನೆಯದಾಗಿ ಕೇಬಲ್ ಸಿಕ್ಕಿಸುವ ಕಿಂಡಿಯನ್ನು. ಜೇಬಿನ ನೂಲುಧೂಳು ಅಲ್ಲಿ ಒತ್ತಿ ಒತ್ತಿ ಗಟ್ಟಿಯಾಗಿ ಕೂತಿರುವುದನ್ನು ಹಲ್ಲುಕಡ್ಡಿಯಲ್ಲಿ ಕೆದಕಿ ತೆಗೆದದ್ದಷ್ಟರಿಂದಲೇ ಸರಿಹೋದ ಪ್ಲೇಯರುಗಳು ಕಡಿಮೆಯಲ್ಲ.

ನೀವು ಬರೆದಿರುವ ಲಕ್ಷಣ, ಅಂದರೆ ಗುರುತು ಅರ್ಧ ತೋರಿಸುತ್ತಿರುವಾಗಲೇ ಹಾಡಿನ ತಿರುವಿನಲ್ಲಿ ಆರಿಹೋಗುವುದು, ಹಾರ್ಡ್ ಡಿಸ್ಕ್ ಇರುವ ಪ್ಲೇಯರುಗಳಿಗೇ ವಿಶಿಷ್ಟವಾದುದು. ಅದರ ಕಾರಣವೂ ಸ್ವಾರಸ್ಯವಾಗಿದೆ. ನಿಮ್ಮ ಐಪಾಡ್ ಡಿಸ್ಕನ್ನು ಸದಾ ತಿರುಗಿಸುತ್ತಿರುವುದಿಲ್ಲ. ಮುಂದಿನ ಕೆಲವು ಹಾಡುಗಳನ್ನು ಒಮ್ಮೆಲೇ ಓದಿ 32 ಎಂಬಿಯ ಮೆಮೊರಿಯಲ್ಲಿ ತುಂಬಿಕೊಂಡು ಡಿಸ್ಕನ್ನು ಮಲಗಿಸುತ್ತದೆ, ಮೆಮೊರಿ ಬರಿದಾಗುತ್ತ ಬಂದಾಗ ಮತ್ತೆ ಎಬ್ಬಿಸುತ್ತದೆ. ಡಿಸ್ಕ್ ಮಲಗಿರುವಾಗ ಬ್ಯಾಟರಿಯ ಮೇಲಿನ ಹೊರೆ ಕೆಲವು ಹತ್ತು ಮಿಲಿಆಂಪಿಯರ್ ಮಾತ್ರ. ಆದರೆ ಅದು ಎದ್ದು ತಿರುಗತೊಡಗುವ ಕ್ಷಣದಲ್ಲಿ ಕೆಲವು ನೂರು ಮಿಲಿಆಂಪಿಯರ್ ಬೇಕಾಗುತ್ತದೆ. ಬ್ಯಾಟರಿ ಹಳತಾದಂತೆ ಸಾಮರ್ಥ್ಯ ಕುಗ್ಗುವುದು ಎಲ್ಲರಿಗೂ ಗೊತ್ತು, ಆದರೆ ಅದರೊಡನೆಯೇ ಆಂತರಿಕ ರೋಧವೂ, ಅಂದರೆ ಕರೆಂಟಿನ ಹರಿವಿಗೆ ಸೆಲ್ಲೇ ಒಡ್ಡುವ ತಡೆಯೂ, ಏರುತ್ತದೆ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಒಂದು ಲೆಕ್ಕ ನೋಡಿ. ಆಂತರಿಕ ರೋಧ 0.15 ಓಮ್ ಇರುವ ಹೊಸ ಸೆಲ್ಲಿನಿಂದ 400 ಮಿಲಿಆಂಪಿಯರ್ ಎಳೆದರೆ ವೋಲ್ಟೇಜ್ ಇಳಿಯುವುದು 0.06 ವೋಲ್ಟ್ ಮಾತ್ರ. ಅದೇ ರೋಧ ಸವೆತದಿಂದ 1 ಓಮ್ ಆಗಿದ್ದರೆ ಇಳಿತ 0.4 ವೋಲ್ಟ್, 3.7 ವೋಲ್ಟಿನಲ್ಲಿದ್ದ ಸೆಲ್ ಆ ಕ್ಷಣಕ್ಕೆ 3.3ಕ್ಕೆ ಕುಸಿಯುತ್ತದೆ, ಪ್ಲೇಯರು ಬ್ಯಾಟರಿ ಖಾಲಿಯಾಯಿತೆಂದು ತಿಳಿದು ಆರಿಹೋಗುತ್ತದೆ. ಹೊರೆ ಇಳಿದೊಡನೆ ವೋಲ್ಟೇಜ್ ಮತ್ತೆ ಮೇಲೇರುವುದರಿಂದ, ಮರುಕ್ಷಣ ಆನ್ ಮಾಡಿದರೆ ಗುರುತು ಮತ್ತೆ ಅರ್ಧವನ್ನೇ ತೋರಿಸುತ್ತದೆ. ಗುರುತು ಸುಳ್ಳು ಹೇಳುತ್ತಿಲ್ಲ. ಸೆಲ್ಲಿನಲ್ಲಿ ಚಾರ್ಜ್ ನಿಜವಾಗಿಯೂ ಉಳಿದಿದೆ, ಬೇಕಾದ ವೇಗದಲ್ಲಿ ಅದು ಹೊರಬರಲಾರದು, ಅಷ್ಟೆ.

ಇನ್ನು ಹೊಸ ಬ್ಯಾಟರಿಯ ಆಯ್ಕೆ. ಐಪಾಡ್ ಕ್ಲಾಸಿಕ್ ತಯಾರಿಕೆ 2014ರಲ್ಲೂ ಕೊನೆಯ ಐಪಾಡ್ ಆದ ಟಚ್ 2022ರಲ್ಲೂ ನಿಂತುಹೋದವು. ಈಗ ಮಾರಾಟಕ್ಕೆ ಸಿಗುವ ಬ್ಯಾಟರಿಗಳು ಬೇರೆ ಬೇರೆ ತಯಾರಕರು ಮಾಡಿದವು. ಅವುಗಳಲ್ಲಿ ಒಳ್ಳೆಯವೂ ಇವೆ, ಹಣೆಪಟ್ಟಿ ಮಾತ್ರ ಒಳ್ಳೆಯದಾಗಿರುವವೂ ಇವೆ. ನಿಮ್ಮ ಮಾದರಿಯಲ್ಲಿ ಎರಡು ದಪ್ಪಗಳಿದ್ದವು ಎಂಬುದನ್ನು ಮೊದಲು ನೆನಪಿಡಿ: 30 ಜಿಬಿಯದು 11 ಮಿಲಿಮೀಟರ್ ದಪ್ಪ, 60 ಜಿಬಿಯದೂ ಮುಂದೆ ಬಂದ 80 ಜಿಬಿಯದೂ 14 ಮಿಲಿಮೀಟರ್. ದಪ್ಪ ಮಾದರಿಯ ಬ್ಯಾಟರಿಯೂ ದಪ್ಪ. ಅದನ್ನು ತೆಳು ಮಾದರಿಯೊಳಗೆ ತುರುಕಿದರೆ ಮುಚ್ಚಳ ಒತ್ತಿ ಕೂರಿಸಬೇಕಾಗುತ್ತದೆ, ಒತ್ತಡಕ್ಕೆ ಸಿಕ್ಕ ಪಾಲಿಮರ್ ಸೆಲ್ ಎಂದೂ ಕ್ಷೇಮವಲ್ಲ. ಕೊಳ್ಳುವಾಗ ‘ಐದನೇ ತಲೆಮಾರು’ ಎಂಬುದನ್ನಷ್ಟೇ ನೋಡದೆ 30 ಜಿಬಿಗೆ ಎಂದು ನಮೂದಿಸಿರುವುದನ್ನೇ ತೆಗೆದುಕೊಳ್ಳಿ.

ಹೆಚ್ಚು ಎಂಎಎಚ್ ಹಾಕಬಹುದೇ ಎಂದು ಕೇಳಿದ್ದೀರಿ. ವಿದ್ಯುತ್ತಿನ ದೃಷ್ಟಿಯಿಂದ ತೊಂದರೆಯೇನೂ ಇಲ್ಲ. ಎಂಎಎಚ್ ಎಂಬುದು ಕೊಡದ ಗಾತ್ರವಿದ್ದಂತೆ. ಪ್ಲೇಯರು ತನಗೆ ಬೇಕಾದಷ್ಟು ಕರೆಂಟನ್ನು ಮಾತ್ರ ಎಳೆದುಕೊಳ್ಳುತ್ತದೆ, ಕೊಡ ದೊಡ್ಡದಾದರೆ ಖಾಲಿಯಾಗಲೂ ತುಂಬಲೂ ಹೆಚ್ಚು ಹೊತ್ತು ಹಿಡಿಯುತ್ತದೆ. ಸರಾಸರಿ 40 ಮಿಲಿಆಂಪಿಯರ್ ಎಳೆಯುವ ಪ್ಲೇಯರು 500 ಎಂಎಎಚ್ ಸೆಲ್ಲಿನಲ್ಲಿ ಹನ್ನೆರಡೂವರೆ ಗಂಟೆ ಹಾಡಿದರೆ 600 ಎಂಎಎಚ್ ಸೆಲ್ಲಿನಲ್ಲಿ 15 ಗಂಟೆ ಹಾಡುತ್ತದೆ. ಅಪಾಯವಿರುವುದು ತಿರುವುಮುರುವಾದಾಗ. 500 ಮಿಲಿಆಂಪಿಯರಿನಲ್ಲಿ ಚಾರ್ಜ್ ಮಾಡುವ ಪ್ಲೇಯರಿಗೆ 250 ಎಂಎಎಚ್‌ನ ಪುಟ್ಟ ಸೆಲ್ ಹಾಕಿದರೆ ಆ ಸೆಲ್ ತಾಳುವುದಕ್ಕಿಂತ ಎರಡು ಪಟ್ಟು ವೇಗದಲ್ಲಿ ತುಂಬಿಸಿದಂತಾಗಿ ಬಿಸಿಯಾಗುತ್ತದೆ, ಬೇಗ ಊದಿಕೊಳ್ಳುತ್ತದೆ.

ಆದರೆ ಅದೇ ಜಾಗದಲ್ಲಿ ಎಷ್ಟು ಎಂಎಎಚ್ ಹಿಡಿಸಬಹುದೆಂಬುದಕ್ಕೆ ಒಂದು ಮಿತಿಯಿದೆ, ಸುಳ್ಳು ಹಣೆಪಟ್ಟಿಯನ್ನು ಹಿಡಿಯುವ ದಾರಿಯೂ ಅಲ್ಲೇ ಇದೆ. ಬಿಡಿ ಪಾಲಿಮರ್ ಸೆಲ್ಲುಗಳ ಮೇಲೆ 503450 ಎಂಬಂತಹ ಆರಂಕಿಯ ಸಂಖ್ಯೆ ಇರುತ್ತದೆ. ಅದನ್ನು ಎರಡೆರಡಾಗಿ ಒಡೆದು ಓದಬೇಕು: ದಪ್ಪ 5.0 ಮಿಲಿಮೀಟರ್, ಅಗಲ 34, ಉದ್ದ 50. ಮೂರನ್ನೂ ಗುಣಿಸಿದರೆ 8.5 ಘನ ಸೆಂಟಿಮೀಟರ್. ಆ ಗಾತ್ರದ ಪ್ರಾಮಾಣಿಕ ಸೆಲ್ ಸುಮಾರು 1000 ಎಂಎಎಚ್ ಕೊಡುತ್ತದೆ, ಅಂದರೆ ಒಂದು ಘನ ಸೆಂಟಿಮೀಟರಿಗೆ 110ರಿಂದ 130 ಎಂಎಎಚ್. ತೀರಾ ತೆಳುವಾದ ಸೆಲ್ಲುಗಳಲ್ಲಿ ಹೊದಿಕೆಯೇ ಹೆಚ್ಚು ಜಾಗ ತಿನ್ನುವುದರಿಂದ ಇನ್ನೂ ಕಡಿಮೆ. ನಿಮಗೆ ಬಂದ ಬ್ಯಾಟರಿಯನ್ನು ಅಳತೆಪಟ್ಟಿಯಲ್ಲಿ ಅಳೆದು ಈ ಲೆಕ್ಕ ಹಾಕಿ. ಘನ ಸೆಂಟಿಮೀಟರಿಗೆ 150 ದಾಟಿದರೆ ಅನುಮಾನಿಸಿ, 200 ದಾಟಿದರೆ ಹಣೆಪಟ್ಟಿ ಸುಳ್ಳೆಂದು ತಿಳಿಯಿರಿ. ಒಮ್ಮೆ ನಾನೇ ಆಸೆಗೆ ಬಿದ್ದು, ಮೂಲದ ಎರಡು ಪಟ್ಟು ಎಂದು ಬರೆದಿದ್ದ ಬ್ಯಾಟರಿಯೊಂದನ್ನು ತರಿಸಿದ್ದೆ. ಹಣೆಪಟ್ಟಿಯ ಸ್ಟಿಕ್ಕರಿನ ಮೂಲೆ ಸ್ವಲ್ಪ ಎದ್ದಿತ್ತು. ಉಗುರಿನಿಂದ ಎಬ್ಬಿಸಿ ನೋಡಿದರೆ ಕೆಳಗೆ ಸೆಲ್ಲಿನ ಮೈಮೇಲೆಯೇ, ಶಾಯಿಯಲ್ಲಿ, ಮೂಲಕ್ಕಿಂತಲೂ ಕಡಿಮೆಯ ಅಂಕಿ ಅಚ್ಚಾಗಿತ್ತು.

ಒಳಗಿನ ಡಿಸ್ಕನ್ನೇ ತೆಗೆದು ಅದರ ಜಾಗದಲ್ಲಿ ಫ್ಲ್ಯಾಶ್ ಕಾರ್ಡ್ ಕೂರಿಸುವವರಿಗೆ ಮಾತ್ರ ನಿಜವಾಗಿಯೂ ದೊಡ್ಡ ಬ್ಯಾಟರಿ ಹಾಕುವ ಅವಕಾಶವಿದೆ, ಏಕೆಂದರೆ ಡಿಸ್ಕ್ ಬಿಟ್ಟುಕೊಟ್ಟ ದಪ್ಪ ಬ್ಯಾಟರಿಗೆ ಸಿಗುತ್ತದೆ. ಡಿಸ್ಕ್ ಎಬ್ಬಿಸುವ ಹೊರೆಯೂ ಇಲ್ಲವಾಗುವುದರಿಂದ ಲಾಭ ಎರಡು ಕಡೆಯಿಂದ ಬರುತ್ತದೆ. ನಿಮ್ಮ ಡಿಸ್ಕ್ ಚೆನ್ನಾಗಿದ್ದರೆ ಸದ್ಯಕ್ಕೆ ಅದರ ಗೊಡವೆ ಬೇಡ.

ಎಂಎಎಚ್‌ಗಿಂತ ಕಟ್ಟುನಿಟ್ಟಾಗಿ ನೋಡಬೇಕಾದದ್ದು ವೋಲ್ಟೇಜ್. ಇಂತಹ ಪ್ಲೇಯರುಗಳ ಸೆಲ್ಲಿನ ಮೇಲೆ 3.7 ವೋಲ್ಟ್ ಎಂದು ಬರೆದಿರುತ್ತದೆ. ಅದು ಪೂರ್ತಿ ತುಂಬಿದಾಗ 4.2 ವೋಲ್ಟ್, ಬಳಕೆ ನಿಲ್ಲಬೇಕಾದದ್ದು ಸುಮಾರು 3 ವೋಲ್ಟಿನಲ್ಲಿ. ಈಚಿನ ಫೋನುಗಳಿಗೆಂದು ಮಾಡಿದ ಕೆಲವು ಸೆಲ್ಲುಗಳು 3.8 ವೋಲ್ಟಿನವು, ಅವು ತುಂಬುವುದು 4.35 ವೋಲ್ಟಿಗೆ. ಅಂಥದ್ದನ್ನು ಹಳೆಯ ಪ್ಲೇಯರಿಗೆ ಹಾಕಿದರೆ ಪೂರ್ತಿ ತುಂಬುವುದಿಲ್ಲವೇ ಹೊರತು ಅಪಾಯವಿಲ್ಲ, 4.35 ವೋಲ್ಟಿಗೆ ಚಾರ್ಜ್ ಮಾಡುವ ಉಪಕರಣಕ್ಕೆ 4.2 ವೋಲ್ಟಿನ ಸೆಲ್ ಹಾಕುವುದು ಮಾತ್ರ ಅಪಾಯ. ಬ್ಯಾಟರಿ ಕೈಸೇರಿದೊಡನೆ, ಮಲ್ಟಿಮೀಟರ್ ಇದ್ದರೆ ಅಳೆಯಿರಿ. 3.6ರಿಂದ 3.9ರ ನಡುವೆ ಇದ್ದರೆ ಸರಿ. 3 ವೋಲ್ಟಿಗಿಂತ ಕೆಳಗಿದ್ದರೆ ಅದು ವರ್ಷಗಟ್ಟಲೆ ಗೋದಾಮಿನಲ್ಲಿ ಕೊಳೆತ ಸರಕು, ಹಿಂದಿರುಗಿಸಿ. ತೀರಾ ಕೆಳಗಿಳಿದು ಬಹುಕಾಲ ಇದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗತೊಡಗಿರಬಹುದು. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಕೂತು ಒಳಗೊಳಗೇ ಶಾರ್ಟ್ ಆಗುವ ದಾರಿ ತೆರೆಯುತ್ತದೆ. ‘ಸತ್ತ’ ಲಿಥಿಯಂ ಬ್ಯಾಟರಿಗೆ ನೇರವಾಗಿ ಕರೆಂಟು ಕೊಟ್ಟು ಬದುಕಿಸುವ ಉಪಾಯಗಳನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಈಗ ತೆರೆಯುವ ಕೆಲಸ. ನನ್ನ ಅನುಭವದಲ್ಲಿ ಬ್ಯಾಟರಿ ಬದಲಿಸಲು ಹೋಗಿ ಪ್ಲೇಯರ್ ಕೆಡಿಸಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಕೆಡಿಸಿಕೊಂಡದ್ದು ಬ್ಯಾಟರಿಯ ಬಳಿಯಲ್ಲ, ಮುಚ್ಚಳದ ಬಳಿ. ನಿಮ್ಮ ಸ್ಕ್ರೂಡ್ರೈವರಿನ ಅಭ್ಯಾಸ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಈ ಐಪಾಡ್‌ನ ಮುಚ್ಚಳಕ್ಕೆ ಹೊರಗೆ ಒಂದೂ ಸ್ಕ್ರೂ ಇಲ್ಲ. ಅಂಚಿನುದ್ದಕ್ಕೂ ಇರುವ ಸಣ್ಣ ಸಣ್ಣ ಕೊಕ್ಕೆಗಳೇ ಎರಡು ಭಾಗಗಳನ್ನು ಹಿಡಿದಿಟ್ಟಿವೆ. ಬೇಕಾದದ್ದು ತೆಳುವಾದ, ಗಟ್ಟಿ ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿ ಎರಡು. ಗಿಟಾರ್ ಬಾರಿಸುವ ಪಿಕ್ ಕೂಡ ಆದೀತು. ಚಾಕು, ಬ್ಲೇಡ್, ಸ್ಕ್ರೂಡ್ರೈವರಿನ ತುದಿ ಇವು ಯಾವುವೂ ಬೇಡ. ಲೋಹ ಜಾರಿ ಒಳಹೋದರೆ ತಾಗುವುದು ಒಂದೋ ರಿಬ್ಬನ್ ಕೇಬಲಿಗೆ, ಇಲ್ಲವೋ ಆ ಊದಿದ ಚೀಲಕ್ಕೆ. ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ, ಒಳ್ಳೆಯ ಬೆಳಕಿನಲ್ಲಿ ಕೂತು, ಪಕ್ಕದಲ್ಲಿ ಅರ್ಧದಷ್ಟು ಒಣ ಮರಳು ತುಂಬಿದ ತಗಡಿನ ಡಬ್ಬಿಯೊಂದನ್ನು ಇಟ್ಟುಕೊಳ್ಳಿ. ಅದರ ಅಗತ್ಯ ಬೀಳುವ ಸಂಭವ ಕಡಿಮೆ. ಆದರೂ ಬ್ಯಾಟರಿ ಬಿಸಿಯಾಗತೊಡಗಿದರೆ, ಬುಸ್ ಎಂದರೆ, ಅಥವಾ ನೇಲ್ ಪಾಲಿಶ್ ತೆಗೆಯುವ ದ್ರವದಂತಹ ಸಿಹಿ ವಾಸನೆ ಬಂದರೆ, ಅದನ್ನು ಇಕ್ಕಳದಲ್ಲಿ ಹಿಡಿದು ಡಬ್ಬಿಗೆ ಹಾಕಿ ಬಯಲಿಗೆ ಒಯ್ಯಬೇಕು. ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುವುದರಿಂದ ಬಗ್ಗಿ ನೋಡಲು ಹೋಗಬಾರದು.

ಮೊದಲು ಹೋಲ್ಡ್ ಸ್ವಿಚ್ಚನ್ನು ಲಾಕ್ ಕಡೆಗೆ ಸರಿಸಿ, ಇಲ್ಲವಾದರೆ ಕೈ ತಾಗಿ ನಡುವೆ ಆನ್ ಆಗುತ್ತದೆ. ಕಡ್ಡಿಯನ್ನು ಪ್ಲಾಸ್ಟಿಕ್ ಮತ್ತು ಉಕ್ಕು ಕೂಡುವ ಗೆರೆಗೆ ಇಟ್ಟು, ಅದರ ತುದಿ ಉಕ್ಕಿನ ಕಡೆಗೆ ವಾಲಿರುವಂತೆ ನಿಧಾನವಾಗಿ ಒತ್ತಿ. ನಿಮ್ಮಲ್ಲಿ ಈಗಾಗಲೇ ಸಂದು ಬಿಟ್ಟಿರುವುದರಿಂದ ಆ ಪಕ್ಕದಲ್ಲೇ ಆರಂಭಿಸಬೇಕೆನಿಸುತ್ತದೆ, ಆದರೆ ಬ್ಯಾಟರಿ ಒತ್ತುತ್ತಿರುವುದು ಅಲ್ಲೇ. ಎದುರು ಪಕ್ಕದಿಂದ ಆರಂಭಿಸಿ. ಕೊಕ್ಕೆಯೊಂದು ಬಿಟ್ಟಾಗ ‘ಟಕ್’ ಎನ್ನುತ್ತದೆ. ಬಿಟ್ಟ ಜಾಗ ಮತ್ತೆ ಕೂಡಿಕೊಳ್ಳದಂತೆ ಅಲ್ಲೊಂದು ಕಡ್ಡಿಯನ್ನು ಸಿಕ್ಕಿಸಿಟ್ಟು, ಎರಡನೆಯದರಿಂದ ಮುಂದಿನದಕ್ಕೆ ಹೋಗಿ. ಕಡ್ಡಿಯನ್ನು ಎರಡು ಮೂರು ಮಿಲಿಮೀಟರಿಗಿಂತ ಆಳಕ್ಕೆ ಇಳಿಸಬೇಡಿ. ಮೊದಲ ಕೊಕ್ಕೆಗೆ ಹತ್ತು ನಿಮಿಷ ಹಿಡಿದರೂ ಹಿಡಿಯಲಿ, ಉಳಿದವು ಅಷ್ಟು ಹಟ ಮಾಡುವುದಿಲ್ಲ. ಹಿಂದೊಮ್ಮೆ ಆತುರದಲ್ಲಿ ಅಡುಗೆಮನೆಯ ಚಾಕು ತಂದು ಒಂದೇ ಏಟಿಗೆ ತೆರೆದ ಪ್ಲೇಯರೊಂದು ಇಂದಿಗೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದು ಹಾಡುತ್ತದೆ, ಬಲಗಿವಿಗೆ ಮಾತ್ರ.

ಎಲ್ಲ ಕೊಕ್ಕೆಗಳೂ ಬಿಟ್ಟ ಮೇಲೆ ಎರಡು ಭಾಗಗಳನ್ನು ಎಳೆದು ಬೇರ್ಪಡಿಸುವ ಮನಸ್ಸಾಗುತ್ತದೆ. ಇಲ್ಲೇ ನಿಲ್ಲಬೇಕು. ಬ್ಯಾಟರಿಯೂ ಹೆಡ್‌ಫೋನ್ ಕಿಂಡಿಯೂ ಹೋಲ್ಡ್ ಸ್ವಿಚ್ಚೂ ಇರುವುದು ಹಿಂಬದಿಯ ಮುಚ್ಚಳದಲ್ಲಿ. ಸರ್ಕ್ಯೂಟ್ ಬೋರ್ಡ್, ಡಿಸ್ಕ್ ಮತ್ತು ಪರದೆ ಇರುವುದು ಮುಂಭಾಗದಲ್ಲಿ. ಇವನ್ನು ಕೂಡಿಸುವುದು ಕಿತ್ತಳೆ ಬಣ್ಣದ, ಕಾಗದದಷ್ಟು ತೆಳುವಾದ ಎರಡು ರಿಬ್ಬನ್ ಕೇಬಲುಗಳು: ಒಂದು ಬ್ಯಾಟರಿಯದು, ಇನ್ನೊಂದು ಅಗಲವಾದದ್ದು ಹೆಡ್‌ಫೋನಿನದು. ಪುಸ್ತಕವನ್ನು ಅರೆ ತೆರೆದಂತೆ ಒಂದೆರಡು ಸೆಂಟಿಮೀಟರ್ ಮಾತ್ರ ತೆರೆದು ಬ್ಯಾಟರಿಯ ರಿಬ್ಬನ್ ಎಲ್ಲಿ ಬೋರ್ಡಿಗೆ ಸೇರುತ್ತದೆಂದು ನೋಡಿ. ಆ ಕನೆಕ್ಟರಿನ ಮೇಲೆ ಕಂದು ಬಣ್ಣದ ಪುಟ್ಟ ಪ್ಲಾಸ್ಟಿಕ್ ಪಟ್ಟಿಯಿದೆ, ರಿಬ್ಬನನ್ನು ಬಿಗಿ ಹಿಡಿದಿರುವುದು ಅದೇ. ಉಗುರಿನಿಂದಲೋ ಕಡ್ಡಿಯಿಂದಲೋ ಅದನ್ನು ಮೇಲಕ್ಕೆತ್ತಿ. ಅದು ಸುಮಾರು ಎರಡು ಮಿಲಿಮೀಟರ್ ಮಾತ್ರ ಏಳುತ್ತದೆ, ಪೂರ್ತಿ ಕಳಚಿ ಬರುವುದಿಲ್ಲ, ಬರಲೂಬಾರದು. ಪಟ್ಟಿ ಸರಿಯಾಗಿ ಎದ್ದಿದ್ದರೆ ರಿಬ್ಬನ್ ಯಾವ ಬಲವೂ ಇಲ್ಲದೆ ಜಾರಿ ಹೊರಬರುತ್ತದೆ. ಬಲ ಹಾಕಬೇಕಾಗಿ ಬಂದರೆ ಪಟ್ಟಿ ಇನ್ನೂ ಎದ್ದಿಲ್ಲ ಎಂದರ್ಥ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿಯಬೇಕಾದ ಗಳಿಗೆ ಇದೊಂದೇ.

ಬ್ಯಾಟರಿಯ ಸಂಪರ್ಕ ತಪ್ಪಿದ ಮೇಲೆ ಎರಡು ಭಾಗಗಳನ್ನು ಇನ್ನಷ್ಟು ತೆರೆದು, ಹೆಡ್‌ಫೋನ್ ರಿಬ್ಬನಿಗೆ ಎಳೆತ ಬೀಳದಂತೆ ಅಕ್ಕಪಕ್ಕದಲ್ಲಿ ಇರಿಸಬಹುದು. ಅದನ್ನೂ ಬಿಡಿಸಿದರೆ ಕೈಯಾಡಿಸಲು ಅನುಕೂಲ. ಡಿಸ್ಕನ್ನು ಮೆಲ್ಲನೆ ಮೇಲೆತ್ತಿದರೆ ಅದರ ಕೆಳಗೆ ಕನೆಕ್ಟರ್ ಕಾಣುತ್ತದೆ. ಮೊದಲ ಬಾರಿಗೆ ಮಾಡುವವರು ಬಿಡಿಸದೆ, ಮುಂಭಾಗವನ್ನು ಮಡಿಸಿದ ಬಟ್ಟೆಗೆ ಒರಗಿಸಿ ನಿಲ್ಲಿಸಿ ಕೆಲಸ ಮುಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಬಿಡಿಸಿದ್ದನ್ನು ಮತ್ತೆ ಸಿಕ್ಕಿಸುವುದು ಬಿಡಿಸುವುದಕ್ಕಿಂತ ಕಷ್ಟ.

ಬ್ಯಾಟರಿಯನ್ನು ಮುಚ್ಚಳಕ್ಕೆ ಅಂಟಿಸಿರುತ್ತಾರೆ. ಊದಿಕೊಳ್ಳದ ಬ್ಯಾಟರಿಯಾದರೆ ಪ್ಲಾಸ್ಟಿಕ್ ಕಾರ್ಡನ್ನು ಅಡಿಗೆ ತೂರಿಸಿ ಎಬ್ಬಿಸಬಹುದು. ನಿಮ್ಮದರಲ್ಲಿ ಹಾಗೆ ಮೀಟುವುದು ಬೇಡ. ಅಂಚಿನಲ್ಲಿ ಎರಡು ಮೂರು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಐದು ನಿಮಿಷ ಕಾದರೆ ಅಂಟು ಮೆತ್ತಗಾಗುತ್ತದೆ. ಬಳಿಕ ಕಾರ್ಡನ್ನು ಮುಚ್ಚಳದ ಮೈಗೆ ಒತ್ತಿಕೊಂಡೇ, ದೋಸೆಯ ಅಡಿಗೆ ಸಟ್ಟುಗ ಸರಿಸುವಂತೆ, ಅಡ್ಡಡ್ಡಲಾಗಿ ಸರಿಸುತ್ತ ಹೋಗಿ. ಬ್ಯಾಟರಿ ಬಾಗಬಾರದು. ಬೇಗ ಆಗಲೆಂದು ಹೇರ್ ಡ್ರೈಯರಿನಿಂದ ಬಿಸಿ ಮಾಡುವುದು ಬೇರೆಡೆ ನಡೆಯುತ್ತದೆ, ಊದಿದ ಸೆಲ್ಲಿನ ಹತ್ತಿರ ಸಲ್ಲದು. ಚುಚ್ಚಿ ಗಾಳಿ ತೆಗೆಯುವ ಸಲಹೆ ಕೊಡುವವರೂ ಇದ್ದಾರೆ. ಅವರ ಮಾತು ಕೇಳಬೇಡಿ.

ಹೊಸ ಬ್ಯಾಟರಿಯನ್ನು ಹಳೆಯದು ಕೂತಿದ್ದ ಜಾಗದಲ್ಲೇ, ಅದರ ರಿಬ್ಬನ್ ಹೊರಳಿದ್ದ ದಿಕ್ಕಿನಲ್ಲೇ ಇಟ್ಟು, ಎರಡು ಬದಿ ಅಂಟುವ ತೆಳು ಟೇಪಿನಿಂದ ಹಿಡಿಸಿ. ಗಟ್ಟಿಯಾಗುವ ಅಂಟು ಬೇಡ, ಮುಂದೊಮ್ಮೆ ಮತ್ತೆ ತೆಗೆಯಬೇಕಾದೀತು. ತೆಗೆಯುವ ಮೊದಲೇ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ ಇಲ್ಲಿ ತಲೆ ಕೆರೆದುಕೊಳ್ಳುವ ಪ್ರಸಂಗ ಬರುವುದಿಲ್ಲ. ರಿಬ್ಬನನ್ನು ಕನೆಕ್ಟರಿಗೆ ನೇರವಾಗಿ ತೂರಿಸಿ ಕಂದು ಪಟ್ಟಿಯನ್ನು ಎರಡೂ ತುದಿಗಳಲ್ಲಿ ಸಮನಾಗಿ ಒತ್ತಿ ಇಳಿಸಿ. ಮುಚ್ಚುವ ಮೊದಲು ಹೋಲ್ಡ್ ಸ್ವಿಚ್ ತೆರೆದು ಆನ್ ಮಾಡಿ ನೋಡಿ. ಏನೂ ಕಾಣಿಸದಿದ್ದರೆ ಗಾಬರಿ ಬೇಡ. ಹಲವು ಹೊಸ ಬ್ಯಾಟರಿಗಳ ರಕ್ಷಣಾ ಸರ್ಕ್ಯೂಟ್ ಮೊದಲ ಬಾರಿ ಚಾರ್ಜರ್ ಸಿಕ್ಕಿಸಿದ ಮೇಲಷ್ಟೇ ಬಾಗಿಲು ತೆರೆಯುತ್ತದೆ. ಆಗಲೂ ಎಚ್ಚರಗೊಳ್ಳದಿದ್ದರೆ ಮೆನು ಮತ್ತು ನಡುವಿನ ಗುಂಡಿಯನ್ನು ಒಟ್ಟಿಗೆ ಏಳೆಂಟು ಸೆಕೆಂಡು ಅದುಮಿ ಹಿಡಿಯಿರಿ. ಹೆಡ್‌ಫೋನ್ ಹಾಕಿ ಎರಡೂ ಕಿವಿಗಳಲ್ಲಿ ಹಾಡು ಕೇಳಿಸುವುದನ್ನು ಖಚಿತಪಡಿಸಿಕೊಂಡ ಮೇಲೆ, ರಿಬ್ಬನ್ ಅಂಚಿಗೆ ಸಿಕ್ಕಿಕೊಳ್ಳದಂತೆ ನೋಡಿಕೊಂಡು ಮುಚ್ಚಳವನ್ನು ಬೆರಳಿನಿಂದ ಒತ್ತುತ್ತ ಕೊಕ್ಕೆಗಳನ್ನು ಕೂರಿಸಿ. ಸುಲಭವಾಗಿ ಕೂರದಿದ್ದರೆ ಒತ್ತುವುದನ್ನು ಬಿಟ್ಟು ಮತ್ತೆ ತೆರೆದು ನೋಡಬೇಕು, ಏನೋ ಅಡ್ಡ ಇದೆ.

ಮೊದಲ ಬಾರಿ ಎಂಟು ಗಂಟೆ ಚಾರ್ಜ್ ಮಾಡಬೇಕೆಂಬ ನಂಬಿಕೆ ನಿಕಲ್ ಬ್ಯಾಟರಿಗಳ ಕಾಲದ್ದು. ಲಿಥಿಯಂ ಸೆಲ್ 4.2 ವೋಲ್ಟ್ ಮುಟ್ಟಿ ಕರೆಂಟು ಇಳಿದೊಡನೆ ಪ್ಲೇಯರೇ ಚಾರ್ಜಿಂಗ್ ನಿಲ್ಲಿಸುತ್ತದೆ, ಅನಂತರ ಸಿಕ್ಕಿಸಿಟ್ಟರೆ ಹೆಚ್ಚೇನೂ ತುಂಬುವುದಿಲ್ಲ. ಒಮ್ಮೆ ಪೂರ್ತಿ ತುಂಬಿಸಿ, ತಾನಾಗಿ ಆರುವವರೆಗೆ ಹಾಡಿಸಿ, ಮತ್ತೆ ತುಂಬಿಸುವುದರಿಂದ ಬ್ಯಾಟರಿಗೆ ಲಾಭವಿಲ್ಲ, ಗುರುತು ಹೊಸ ಸೆಲ್ಲಿಗೆ ಹೊಂದಿಕೊಳ್ಳಲು ಮಾತ್ರ ನೆರವಾಗುತ್ತದೆ. ಹಾಗೆ ಹಾಡಿಸುವಾಗ ಎಷ್ಟು ಗಂಟೆ ಬಂತೆಂದು ಬರೆದಿಟ್ಟುಕೊಳ್ಳಿ. ಹೊಸದಾಗಿದ್ದಾಗ ಈ 30 ಜಿಬಿ ಮಾದರಿಗೆ ತಯಾರಕರು ಹೇಳಿದ್ದ ಅವಧಿ 14 ಗಂಟೆ. ಹತ್ತು ದಾಟಿದರೆ ನಿಮ್ಮ ಬ್ಯಾಟರಿ ಪ್ರಾಮಾಣಿಕವಾದದ್ದು. ಆದರೆ ಪರೀಕ್ಷೆಗೆ ಸಾಮಾನ್ಯ ಎಂಪಿ3 ಹಾಡುಗಳನ್ನೇ ಬಳಸಿ. ಸಂಕೋಚನದಲ್ಲಿ ಏನನ್ನೂ ಕಳೆದುಕೊಳ್ಳದ ದೊಡ್ಡ ಕಡತಗಳಾದರೆ ಒಂದೆರಡು ಹಾಡಿಗೇ ಆ 32 ಎಂಬಿ ಮೆಮೊರಿ ತುಂಬಿಹೋಗಿ ಡಿಸ್ಕ್ ಮತ್ತೆ ಮತ್ತೆ ಏಳುತ್ತದೆ, ಗಂಟೆಗಳು ಅಷ್ಟೂ ಕಡಿಮೆಯಾಗುತ್ತವೆ.

ಬೇರೆ ಪ್ಲೇಯರುಗಳ ಮಾತು ಬಂದರೆ ಈ ಉತ್ತರವನ್ನು ಹಾಗೆಯೇ ಅನ್ವಯಿಸಲಾಗದು. 2007ರ ಐಪಾಡ್ ಕ್ಲಾಸಿಕ್‌ನ ಮುಂಭಾಗವೂ ಲೋಹದ್ದಾದುದರಿಂದ ತೆರೆಯುವಾಗ ಅಂಚು ಬಾಗದಂತೆ ಕಾಪಾಡುವುದು ಬಹಳ ಕಷ್ಟ. ನ್ಯಾನೋದಂತಹ ಪುಟ್ಟ ಪ್ಲೇಯರುಗಳಲ್ಲಿ ಬ್ಯಾಟರಿಯ ತಂತಿಗಳನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಅಲ್ಲಿ ಸಾಲ್ಡರಿಂಗ್ ಬಾರದೆ ಕೈಹಾಕಬಾರದು, ಬರುವವರೂ ಒಂದು ತಂತಿಯನ್ನು ಬಿಡಿಸಿ ಅದರ ತುದಿಗೆ ಟೇಪ್ ಸುತ್ತಿದ ಮೇಲಷ್ಟೇ ಎರಡನೆಯದನ್ನು ಮುಟ್ಟಬೇಕು. ಎರಡನ್ನೂ ಒಂದೇ ಕತ್ತರಿಯ ಬಾಯಿಗೆ ಕೊಟ್ಟರೆ ಆ ಕತ್ತರಿಯೇ ಶಾರ್ಟ್ ಮಾಡುವ ಲೋಹವಾಗುತ್ತದೆ. ಮೂರು ತಂತಿಗಳಿದ್ದರೆ ಮೂರನೆಯದು ಸಾಮಾನ್ಯವಾಗಿ ಉಷ್ಣತೆ ತಿಳಿಸುವ ಥರ್ಮಿಸ್ಟರಿನದು, 25 ಡಿಗ್ರಿಯಲ್ಲಿ 10 ಕಿಲೋಓಮ್ ತೋರಿಸುವಂಥದ್ದು ಹೆಚ್ಚು ಬಳಕೆಯಲ್ಲಿದೆ. ಅದನ್ನು ಜೋಡಿಸದೆ ಬಿಟ್ಟರೆ ಎಷ್ಟೋ ಪ್ಲೇಯರುಗಳು ಚಾರ್ಜನ್ನೇ ತೆಗೆದುಕೊಳ್ಳುವುದಿಲ್ಲ. ಸಿಕ್ಕಿಸುವ ಪ್ಲಗ್ ಇರುವ ಬ್ಯಾಟರಿಗಳಲ್ಲಿ ಇನ್ನೊಂದು ಬಲೆಯಿದೆ: ಒಂದೇ ಆಕಾರದ ಪ್ಲಗ್ಗಿನಲ್ಲಿ ಒಬ್ಬ ತಯಾರಕ ಕೆಂಪು ತಂತಿಯನ್ನು ಎಡಕ್ಕೆ ಇಟ್ಟರೆ ಇನ್ನೊಬ್ಬ ಬಲಕ್ಕೆ ಇಡುತ್ತಾನೆ. ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಿಡಿದು, ಸಾಧ್ಯವಿದ್ದರೆ ಮೀಟರಿನಲ್ಲೂ ನೋಡಿ ಸಿಕ್ಕಿಸಬೇಕು. ತಿರುಗುಮುರುಗಾದರೆ ಚಾರ್ಜಿಂಗ್ ಚಿಪ್ ಸುಟ್ಟುಹೋಗಲು ಒಂದು ಕ್ಷಣವೂ ಬೇಡ.

ತೆಗೆದ ಹಳೆಯ ಬ್ಯಾಟರಿಯ ರಿಬ್ಬನಿನ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ ಆ ಮರಳಿನ ಡಬ್ಬಿಯಲ್ಲೇ ಇರಿಸಿ, ಮುಚ್ಚಳವನ್ನು ಬಿಗಿಯಾಗಿ ಹಾಕಬೇಡಿ. ಮನೆಯ ಕಸಕ್ಕೆ ಸೇರಿದರೆ ಕಸದ ಗಾಡಿಯ ಒತ್ತುಯಂತ್ರಕ್ಕೆ ಸಿಕ್ಕಿ ಅಲ್ಲಿ ಹೊತ್ತಿಕೊಳ್ಳುತ್ತದೆ; ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವಾಗ, ಅದು ಊದಿಕೊಂಡಿದೆ ಎಂಬುದನ್ನು ಬಾಯಿಬಿಟ್ಟು ಹೇಳಿ, ಅವರು ಅಂಥವನ್ನು ಬೇರೆಯಾಗಿ ಇಡುತ್ತಾರೆ.